ಸುತ್ತಿಗೆಯಿಂದ ಮೂಡಿದ ಮೋಟಾರು

ಯಶವಂತಪುರವನ್ನು ದಾಟಿ ತುಮಕೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಒಂದು ವಿಚಿತ್ರ ವಾಹನವನ್ನು ತಾವು ನೋಡಿರಬಹುದು. ಎಂಜಿನ್ನಿದೆ, ಚಕ್ರಗಳಿವೆ, ಉಕ್ಕಿನ ಎರಡು ಉದ್ದನೆಯ ತೊಲೆಗಳಿವೆ. ಆದರೆ ಮೈಯೇ ಇಲ್ಲ. ತಲೆಗೆ ಮಫ್ಲರು ಸುತ್ತಿಕೊಂಡ ಚಾಲಕನೊಬ್ಬ ಹಲಗೆಯ ಮೇಲೆ ಕುಳಿತು, ಗಾಳಿಗೆ ಮುಖವೊಡ್ಡಿ, ಆ ಅಸ್ಥಿಪಂಜರವನ್ನು ನಡೆಸುತ್ತಿರುತ್ತಾನೆ. ಅದು ‘ಬಾಡಿ ಕಟ್ಟುವ’ ಶೆಡ್ಡಿಗೆ ಹೊರಟ ಲಾರಿಯ ಚಾಸಿಸ್ಸು. ಕಾರ್ಖಾನೆಗಳೇ ಕ್ಯಾಬಿನ್ನು ಸಮೇತ ವಾಹನವನ್ನು ಕೊಡತೊಡಗಿದ ಮೇಲೆ ಈ ನೋಟ ಅಪರೂಪವಾಗುತ್ತಿದೆ. ಒಂದು ಕಾಲದಲ್ಲಿ ಜಗತ್ತಿನ ಅತ್ಯಂತ ಬೆಲೆಬಾಳುವ ಕಾರುಗಳು ಕೂಡ ಹೀಗೆಯೇ, ಮೈಯಿಲ್ಲದೆ, ಕಾರ್ಖಾನೆಯಿಂದ ಹೊರಬೀಳುತ್ತಿದ್ದವು ಎಂದರೆ ಆಶ್ಚರ್ಯವಾದೀತು.

ರೋಲ್ಸ್ ರಾಯ್ಸ್ ಕಂಪನಿ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮಾರುತ್ತಿದ್ದುದು ಚಾಸಿಸ್ಸನ್ನು ಮಾತ್ರ. ಮೈಯನ್ನು ಬೇರೊಬ್ಬ ಕುಶಲಿಗ, ಕೊಳ್ಳುವವರ ಅಭಿರುಚಿಗೆ ತಕ್ಕಂತೆ ಕಟ್ಟಿಕೊಡಬೇಕು. ಇಟಲಿಯಲ್ಲಿ ಇಂಥ ಕಾರ್ಯಾಗಾರಕ್ಕೆ ‘ಕಾರೊಟ್ಸೇರಿಯಾ’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಾರೋಟು ಕಟ್ಟುವ ಮನೆ. ಕುದುರೆ ಹೋಗಿ ಎಂಜಿನ್ನು ಬಂದರೂ ಕಸುಬಿನ ಹೆಸರು ಮಾತ್ರ ಹಳೆಯದೇ ಉಳಿಯಿತು.

ಇಂಥ ಮನೆಗಳಲ್ಲಿ ಹುಟ್ಟಿದ ಒಂದು ಕಾರಿನ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅದರ ಹೆಸರು ಚಿಸಿತಾಲಿಯಾ 202.

ಯುದ್ಧ ಮುಗಿದ ಮೇಲಿನ ಇಟಲಿಯನ್ನು ನೆನೆಯಿರಿ. ಆ ದೇಶದ ಸಹಸ್ರಾರು ಸೈನಿಕರು ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕು ಪರದೇಶಗಳ ಪಾಲಾಗಿದ್ದರು. ನಮ್ಮ ಜಾಲಹಳ್ಳಿಯಲ್ಲಿಯೂ ಇಟಲಿಯ ಯುದ್ಧಕೈದಿಗಳ ಶಿಬಿರವಿತ್ತು. ಅತ್ತ ಟ್ಯೂರಿನ್ ನಗರದ ಕಾರ್ಖಾನೆಗಳು ಬಾಂಬಿಗೆ ತುತ್ತಾಗಿದ್ದವು. ಉಕ್ಕಿಗೆ ಅಭಾವ, ಕಲ್ಲಿದ್ದಲಿಗೆ ಅಭಾವ, ಹಣಕ್ಕಂತೂ ಕೇಳುವುದೇ ಬೇಡ. ಇಂಥ ಹೊತ್ತಿನಲ್ಲಿ ಪಿಯೆರೊ ದುಸಿಯೊ ಎಂಬ ಉದ್ಯಮಿ ಪಂದ್ಯದ ಕಾರುಗಳನ್ನು ಮಾಡಲು ಹೊರಟ. ಫಿಯೆಟ್ ಕಂಪನಿಯ ಪ್ರತಿಭಾವಂತ ಎಂಜಿನಿಯರ್ ದಾಂತೆ ಜಿಯಾಕೋಸ ಅವನಿಗೆ ನಕ್ಷೆ ಬರೆದುಕೊಟ್ಟ. ದುಸಿಯೊಗೆ ಸೈಕಲ್ ಕಾರ್ಖಾನೆಯೊಂದಿತ್ತು. ಉಕ್ಕಿನ ತೆಳು ಕೊಳವೆಗಳನ್ನು ಬೆಸೆಯುವ ವಿದ್ಯೆ ಅಲ್ಲಿ ಕರಗತವಾಗಿತ್ತು. ಭಾರಿ ತೊಲೆಗಳ ಬದಲು ಕೊಳವೆಗಳನ್ನು ಜಾಲದಂತೆ ಹೆಣೆದು ಚೌಕಟ್ಟು ಮಾಡಿದರು. ಎಂಜಿನ್ನು, ಕೈಗೆಟುಕುತ್ತಿದ್ದ ಫಿಯೆಟ್ 1100ರದು: 1089 ಘನ ಸೆಂಟಿಮೀಟರಿನ ಬಡ ಎಂಜಿನ್ನು. ಅದನ್ನೇ ತಿದ್ದಿ ತೀಡಿ ಸುಮಾರು 55 ಅಶ್ವಶಕ್ತಿ ಹೊರಡುವಂತೆ ಮಾಡಿದರು.

1947ರ ಜೂನ್‌ನಲ್ಲಿ ನಡೆದ ಮಿಲ್ಲೆ ಮಿಲಿಯಾ ಪಂದ್ಯದಲ್ಲಿ 54 ವರ್ಷದ ತಾತ್ಸಿಯೊ ನುವೊಲಾರಿ ಈ ಪುಟ್ಟ ಎಂಜಿನ್ನಿನ, ಮೇಲ್ಛಾವಣಿಯಿಲ್ಲದ ಚಿಸಿತಾಲಿಯಾವನ್ನು ಓಡಿಸಿದ. ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಮುನ್ನಡೆದಿದ್ದವನನ್ನು ಕೊನೆಯ ಹಂತದಲ್ಲಿ ಮಳೆ ಕೆಡಿಸಿತು. ವಿದ್ಯುತ್ ತಂತಿಗಳಿಗೆ ನೀರು ನುಗ್ಗಿ ಎಂಜಿನ್ನು ಮುಗ್ಗರಿಸಿತು. ಸುಮಾರು ಮೂರು ಪಟ್ಟು ದೊಡ್ಡ ಎಂಜಿನ್ನಿದ್ದ ಆಲ್ಫಾ ರೋಮಿಯೊದ ಬಿಯೊಂದೆತ್ತಿ ಗೆದ್ದ. ಆದರೆ ಜನ ನೆನಪಿಟ್ಟುಕೊಂಡದ್ದು ಎರಡನೆಯ ಸ್ಥಾನಕ್ಕೆ ಬಂದ ಮುದುಕನನ್ನು.

ಅದೇ ವರ್ಷ ಈ ಚೌಕಟ್ಟಿಗೆ ಮೈ ತೊಡಿಸುವ ಕೆಲಸ ಬತ್ತಿಸ್ತಾ ಫಾರಿನನ ಪಾಲಿಗೆ ಬಂತು. ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಪಿನಿನ್’ ಎಂದು. ಅವನ ಸೀಮೆಯ ಆಡುಮಾತಿನಲ್ಲಿ ಹಾಗೆಂದರೆ ‘ಚಿಕ್ಕವನು’. ನಮ್ಮಲ್ಲಿ ಪುಟ್ಟಣ್ಣ ಎನ್ನುವ ಹಾಗೆ. 1961ರಲ್ಲಿ ಈ ಅಡ್ಡಹೆಸರೂ ಮನೆತನದ ಹೆಸರೂ ಸರಕಾರಿ ಮುದ್ರೆಯೊಡನೆ ಒಂದಾಗಿ ಪಿನಿನ್‌ಫಾರಿನ ಎಂದಾಯಿತು. ಆಸಾಮಿ ಗಟ್ಟಿಗ. 1946ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನಕ್ಕೆ ಶತ್ರುದೇಶದವರೆಂದು ಇಟಲಿಯವರನ್ನು ಬಿಟ್ಟುಕೊಳ್ಳದಿದ್ದಾಗ, ತನ್ನ ಕಾರುಗಳನ್ನು ಪ್ರದರ್ಶನ ಮಂದಿರದ ಹೊರಗೆ ಬೀದಿಯಲ್ಲೇ ನಿಲ್ಲಿಸಿ ಬಂದವರೆಲ್ಲ ನೋಡುವಂತೆ ಮಾಡಿದವನು.

ಅಂದಿನವರೆಗಿನ ಕಾರಿನ ರೂಪವನ್ನು ಕಣ್ಣಮುಂದೆ ತಂದುಕೊಳ್ಳಿ. ನಡುವೆ ಎತ್ತರದ ಬಾನೆಟ್ಟು, ಅದರ ಎರಡು ಪಕ್ಕದಲ್ಲಿ ಅಂಟಿಸಿದಂಥ ಮಡ್‌ಗಾರ್ಡುಗಳು, ಮೇಲೆ ಕಪ್ಪೆಯ ಕಣ್ಣಿನಂತೆ ಎದ್ದ ದೀಪಗಳು, ಕೆಳಗೆ ಕಾಲಿಡುವ ಹಲಗೆ. ಬಿಡಿ ಬಿಡಿ ಪದಗಳನ್ನು ಒತ್ತಿಗಿಟ್ಟಂತೆ; ಸಂಧಿಯೇ ಆಗಿರಲಿಲ್ಲ ಎನ್ನಬೇಕು. ಚಿಸಿತಾಲಿಯಾದಲ್ಲಿ ಆ ಸಂಧಿಕಾರ್ಯ ನಡೆಯಿತು. ಎಂಜಿನ್ನು ಚಿಕ್ಕದಾದ್ದರಿಂದ ಬಾನೆಟ್ಟನ್ನು ತಗ್ಗಿಸಲು ಸಾಧ್ಯವಾಯಿತು. ಅದು ಮಡ್‌ಗಾರ್ಡುಗಳಿಗಿಂತಲೂ ಕೆಳಗಿಳಿಯಿತು. ದೀಪಗಳು ಮೈಯೊಳಗೆ ಸೇರಿಕೊಂಡವು. ಮುಂದಿನ ಚಕ್ರದ ಮೇಲೆ ಎದ್ದ ರೇಖೆ ಇಳಿದು, ಹಿಂದಿನ ಚಕ್ರದ ಬಳಿ ಮತ್ತೆ ಮೆಲ್ಲನೆ ಉಬ್ಬಿ, ಒಂದೇ ಉಸಿರಿನ ಆಲಾಪದಂತೆ ಬಾಲದವರೆಗೂ ಹರಿಯಿತು. ಹೊಳೆಯುವ ಪಟ್ಟಿಗಳ ಅಲಂಕಾರ ತೀರ ಕಡಮೆ. ಬಡತನವೇ ಈ ಸಂಯಮವನ್ನು ಕಲಿಸಿತೇ? ಅರ್ಧ ಹಾಗೆಂದು ನನಗೆ ತೋರುತ್ತದೆ. ಉಳಿದರ್ಧ ಕಣ್ಣಿನದು.

ಈ ಮೈಯನ್ನು ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಕಾರಿನ ಆಕಾರಕ್ಕೆ ಸರಿಯಾಗಿ ಮರದ ಅಚ್ಚೊಂದನ್ನು ನಿಲ್ಲಿಸುತ್ತಿದ್ದರು. ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ, ಮರಳು ತುಂಬಿದ ತೊಗಲಿನ ಚೀಲದ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ಉಬ್ಬಿಸುತ್ತಿದ್ದರು. ಬಡಿದಷ್ಟೂ ತಗಡು ಗಡುಸಾಗುತ್ತದೆ. ಗಡುಸಾದದ್ದನ್ನು ಮತ್ತೆ ಬಡಿದರೆ ಬಿರುಕು ಬಿಡುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಆದರೆ ಅಲ್ಯೂಮಿನಿಯಮ್ಮಿನ ಸ್ವಭಾವ ವಂಚನೆಯದು: ಕಬ್ಬಿಣದಂತೆ ಕೆಂಪೇರಿ ಎಚ್ಚರಿಸುವುದಿಲ್ಲ, ಇದ್ದಕ್ಕಿದ್ದಂತೆ ಕರಗಿ ಕುಸಿಯುತ್ತದೆ. ಇದಕ್ಕೆ ಕಸುಬುದಾರರು ಕಂಡುಕೊಂಡ ಉಪಾಯ ಸಾಬೂನು! ತಗಡಿಗೆ ಸಾಬೂನು ಸವರಿ ಜ್ವಾಲೆ ಹಿಡಿಯುವುದು. ಸಾಬೂನು ಕಪ್ಪಾದೊಡನೆ ಬೆಂಕಿಯನ್ನು ಹಿಂತೆಗೆಯುವುದು. ನಮ್ಮ ಕಂಚುಗಾರರೂ ತಾಮ್ರದ ಹಂಡೆಯನ್ನು ಬಡಿಯುವಾಗ ಹೀಗೆಯೇ ನಡುನಡುವೆ ಕಾಯಿಸಿಕೊಳ್ಳುತ್ತಾರೆ; ಅಲ್ಲಿ ಸಾಬೂನು ಬೇಕಿಲ್ಲ, ಅಷ್ಟೆ. ಹೀಗೆ ಉಬ್ಬಿಸಿದ ತುಂಡನ್ನು ಅಚ್ಚಿನ ಮೇಲಿಟ್ಟು ನೋಡಿ, ತೆಗೆದು ತಿದ್ದಿ, ಮತ್ತೆ ಇಟ್ಟು, ಕೊನೆಗೆ ತುಂಡುಗಳನ್ನು ಬೆಸೆದು ಅರದಿಂದ ನಯಗೊಳಿಸುತ್ತಿದ್ದರು. ಇಂಥ ಕಾರಿನ ಎಡಬಲಗಳನ್ನು ಅಳೆದರೆ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಸಿಗುತ್ತದೆ. ಕೈಯಲ್ಲಿ ಕಡೆದ ಮೂರ್ತಿಯ ಎರಡು ಕಣ್ಣುಗಳಲ್ಲಿಯೂ ಅದು ಇರುವುದೇ ತಾನೆ?

ಹೀಗೆ ತಯಾರಾದ ಕಾರುಗಳ ಒಟ್ಟು ಸಂಖ್ಯೆ ಸುಮಾರು 170. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಎಂಟು ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶಿಸಿದಾಗ ಇದೂ ಅವುಗಳಲ್ಲೊಂದಾಗಿತ್ತು. ಅದೇ ಸಾಲಿನಲ್ಲಿ ನಾವೆಲ್ಲ ಬಲ್ಲ ಜೀಪೂ ಇತ್ತೆಂಬುದು ಗಮನಾರ್ಹ. ಆಯ್ದವರ ಕಣ್ಣು ಸಿರಿವಂತಿಕೆಗೆ ಮರುಳಾಗಿರಲಿಲ್ಲ. 1972ರಲ್ಲಿ ಒಂದು ಚಿಸಿತಾಲಿಯಾ ಆ ಸಂಗ್ರಹಾಲಯದ ಶಾಶ್ವತ ಸಂಗ್ರಹಕ್ಕೂ ಸೇರಿತು. ಅಷ್ಟರಲ್ಲಿ ಕಂಪನಿ ಮುಳುಗಿ ಎಷ್ಟೋ ವರ್ಷಗಳಾಗಿದ್ದವು. ಪೋರ್ಷೆ ಬಳಗದವರಿಂದ ಅತಿ ದುಬಾರಿ ಪಂದ್ಯದ ಕಾರೊಂದನ್ನು ಮಾಡಿಸಲು ಹೋಗಿ ದುಸಿಯೊ ಕೈಸುಟ್ಟುಕೊಂಡು ಅರ್ಜೆಂಟೀನಾ ಸೇರಿದ.

ಈಗ ನಮ್ಮ ಬೀದಿಗೆ ಬರೋಣ. ಸೋಲಾಪುರದ ವಾಲ್‌ಚಂದ್ ಹೀರಾಚಂದರು ಮೋಟಾರು ಕಾರ್ಖಾನೆಯ ಕನಸು ಕಂಡವರು. ಆ ಕನಸಿಗೆ ಯೋಜನೆಯ ರೂಪ ಕೊಟ್ಟವರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಪ್ರಮುಖರು. ಮೊದಲು ಕೈಗೂಡಿದ್ದು ಕಾರಲ್ಲ, ವಿಮಾನ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಯುದ್ಧ ಮುಗಿದ ಮೇಲೆ ವಿಮಾನದ ತಗಡು ಬಡಿಯಲು ಕಲಿತ ಕೈಗಳು ಅಲ್ಲಿ ಬಸ್ಸಿನ ಮೈಗಳನ್ನೂ ರೈಲು ಬೋಗಿಗಳನ್ನೂ ಕಟ್ಟಿದವು. ಹೀಗೆ ನಮ್ಮೂರೂ ಒಂದು ಬಗೆಯ ಕಾರೊಟ್ಸೇರಿಯಾ ಆಗಿತ್ತು. ವಾಲ್‌ಚಂದರು 1944ರಲ್ಲಿ ಸ್ಥಾಪಿಸಿದ ಮುಂಬಯಿಯ ಪ್ರೀಮಿಯರ್ ಕಂಪನಿ 1950ರ ದಶಕದಲ್ಲಿ ಫಿಯೆಟ್ 1100 ಕಾರನ್ನು ತಯಾರಿಸತೊಡಗಿತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಆರ್.ಟಿ. ನಗರದ ಗೇಟುಗಳ ಮುಂದೆ ಚೋಕು ಎಳೆದು ಎಬ್ಬಿಸುತ್ತಿದ್ದ, ಸ್ಟೀರಿಂಗಿನ ಪಕ್ಕದಲ್ಲೇ ಗೇರು ಇದ್ದ ಆ ಕಾರಿನ ಎಂಜಿನ್ನು ಎಷ್ಟು ದೊಡ್ಡದು ಗೊತ್ತೆ? 1089 ಘನ ಸೆಂಟಿಮೀಟರು. ಕೊಳವೆಯ ಅಗಲ 68, ಓಟ 75 ಮಿಲಿಮೀಟರು. ಚಿಸಿತಾಲಿಯಾದ ಹೃದಯದ ಅಳತೆಯೂ ಅದೇ.

ಈ ನೆಂಟಸ್ತಿಕೆಯಲ್ಲಿ ಒಂದು ಕಹಿಯೂ ಇದೆ. 1953ರಲ್ಲಿ ಇಟಲಿಯಲ್ಲಿ ಹೊರಬಂದ ಈ ಹೊಸ ಫಿಯೆಟ್ 1100ರಲ್ಲಿ ಚಾಸಿಸ್ಸು ಬೇರೆ, ಮೈ ಬೇರೆ ಎಂಬ ಭೇದವಿರಲಿಲ್ಲ. ಅಚ್ಚಿನಲ್ಲಿ ಒತ್ತಿದ ಉಕ್ಕಿನ ಮೈಯೇ ಭಾರ ಹೊರುವ ಅಸ್ಥಿಪಂಜರವೂ ಆಯಿತು. ಕಾರು ಹಗುರವಾಯಿತು, ಅಗ್ಗವಾಯಿತು, ನಮ್ಮಂಥವರ ಮನೆಗೂ ಬಂತು. ಆದರೆ ಬೆತ್ತಲೆ ಚಾಸಿಸ್ಸೇ ಇಲ್ಲದ ಮೇಲೆ ಉಡುಗೆ ತೊಡಿಸುವವರಿಗೆ ಕೆಲಸವೆಲ್ಲಿ? ಪಿನಿನ್‌ಫಾರಿನನಂಥವರು ತಾವೇ ದೊಡ್ಡ ಕಾರ್ಖಾನೆಯಾಗಿ ಬದುಕಿಕೊಂಡರು. 2015ರ ಕೊನೆಯಲ್ಲಿ ಆ ಸಂಸ್ಥೆಯನ್ನು ಕೊಳ್ಳಲು ಮುಂದಾದವರು ನಮ್ಮ ದೇಶದ ಮಹೀಂದ್ರರು. ಮಿಲಾನಿನ ಪ್ರಸಿದ್ಧ ತೂರಿಂಗ್ ಮನೆ 1966ರಲ್ಲೇ ಬಾಗಿಲು ಮುಚ್ಚಿತ್ತು.

ಸಂಗ್ರಹಾಲಯದ ಫಲಕದ ಮೇಲೆ ಪಿನಿನ್ ಫಾರಿನನ ಹೆಸರಿದೆ. ಕೊಡತಿ ಹಿಡಿದವರ ಹೆಸರು ಅಲ್ಲಿಲ್ಲ. ನಮ್ಮ ಗುಡಿಗಳ ಶಿಲ್ಪಿಗಳಾದರೂ ಅಲ್ಲೊಬ್ಬರು ಇಲ್ಲೊಬ್ಬರು ಪೀಠದ ಮೇಲೆ ಹೆಸರು ಕೆತ್ತಿಟ್ಟು ಹೋದರು. ಆದರೆ ಇಂಥ ಕಾರುಗಳ ಬಾನೆಟ್ಟನ್ನು ಎತ್ತಿ ತಗಡಿನ ಒಳಮೈಯನ್ನು ನೋಡಿದರೆ, ಹೊರಗಿನ ನುಣುಪಿನ ಹಿಂದೆ ಪೆಟ್ಟಿನ ಗುರುತುಗಳು ಸಾಲಾಗಿ ಕಾಣುತ್ತವೆ. ಹಳೆಯ ಕಾರುಗಳನ್ನು ಜೀರ್ಣೋದ್ಧಾರ ಮಾಡುವ ಬಲ್ಲವರು ಹೊರಮೈಗೆ ಹೊಸ ಬಣ್ಣ ಹೊಡೆದರೂ ಆ ಭಾಗಕ್ಕೆ ಅರ ಹಚ್ಚುವುದಿಲ್ಲ.