‘ಸರ್ವರ್ ಡೌನ್’ ಎಂಬುದು ಉತ್ತರವಲ್ಲ

ಮಹಾಲಿಂಗಪುರದ ಮಗ್ಗದಲ್ಲಿ ಎಳೆಯೊಂದು ತುಂಡಾದರೆ ನೇಕಾರ ‘ಮಗ್ಗ ಕೆಟ್ಟಿದೆ’ ಎಂದು ಕೈಚೆಲ್ಲುವುದಿಲ್ಲ. ಯಾವ ಎಳೆ, ಎಲ್ಲಿ ಎಂದು ಹುಡುಕಿ ಗಂಟು ಹಾಕುತ್ತಾನೆ. ಆದರೆ ಪಹಣಿ ಉತಾರಕ್ಕಾಗಿ ಬಂದ ಕಬ್ಬು ಬೆಳೆಗಾರನಿಗೆ ಕಚೇರಿಗಳಲ್ಲಿ ಸಿಗುವ ಉತ್ತರ ಬಹಳ ಸಲ ಎರಡೇ ಪದ: ‘ಸರ್ವರ್ ಡೌನ್’.

ಜಾಲತಾಣಕ್ಕೆ ಬಂದ ಕೋರಿಕೆ ದತ್ತಾಂಶ ಭಂಡಾರ, ಹಣಪಾವತಿ ಎಂದು ಹಲವು ಹಂತ ದಾಟುತ್ತದೆ. ಪ್ರತಿ ಕೋರಿಕೆಗೂ ಗುರುತು ಸಂಖ್ಯೆ ನೀಡಿ, ಪ್ರತಿ ಹಂತದಲ್ಲಿ ತಗಲಿದ ಸಮಯವನ್ನು ದಾಖಲಿಸಿದರೆ ತಡೆ ಎಲ್ಲಿದೆಯೆಂದು ತಿಳಿಯುತ್ತದೆ. ಗೂಗಲ್ ಸಂಸ್ಥೆ ತನ್ನ ಇಂಥ ವ್ಯವಸ್ಥೆ ‘ಡ್ಯಾಪರ್’ ಕುರಿತು 2010ರಲ್ಲೇ ಪ್ರಬಂಧ ಪ್ರಕಟಿಸಿತು. 2019ರಲ್ಲಿ ರೂಪುಗೊಂಡ ‘ಓಪನ್‌ಟೆಲಿಮೆಟ್ರಿ’ ಮುಕ್ತ ತಂತ್ರಾಂಶ. ಅದಕ್ಕೆ ಪರವಾನಗಿ ಶುಲ್ಕವಿಲ್ಲ.

2025ರ ಆರಂಭದಲ್ಲಿ ‘ಕಾವೇರಿ 2.0’ ತಂತ್ರಾಂಶ ನಕಲಿ ಕೋರಿಕೆಗಳ ದಾಳಿಗೆ ಸಿಲುಕಿ ರಾಜ್ಯದಲ್ಲಿ ಆಸ್ತಿ ನೋಂದಣಿ ಕುಂಠಿತವಾಯಿತು. ದಾಳಿ ಯಾವುದು, ದೋಷ ಯಾವುದು ಎಂದು ಬೇರ್ಪಡಿಸಲು ಇಂಥ ದಾಖಲೆಯೇ ಆಧಾರ.

ನನ್ನ ಆಗ್ರಹ ಇಷ್ಟೆ: ಇಲಾಖೆಗಳು ತಂತ್ರಾಂಶದ ಗುತ್ತಿಗೆ ಕರಾರಿನಲ್ಲೇ ಈ ನಿಗಾ ವ್ಯವಸ್ಥೆಯನ್ನು ಸೇರಿಸಲಿ, ಸೇವೆ ಎಷ್ಟು ಹೊತ್ತು, ಏಕೆ ನಿಂತಿತೆಂದು ತಿಂಗಳಿಗೊಮ್ಮೆ ಪ್ರಕಟಿಸಲಿ. ಆಧಾರ್ ಸಂಖ್ಯೆಯಂಥ ಖಾಸಗಿ ವಿವರ ಈ ದಾಖಲೆಗಳಲ್ಲಿ ಉಳಿಯದಿರಲಿ. ದಿನದ ದುಡಿಮೆ ಬಿಟ್ಟು ಬಂದ ರೈತನಿಗೆ ‘ನಾಳೆ ಬನ್ನಿ’ ಎನ್ನುವವರು ಕಾರಣವನ್ನಾದರೂ ಹೇಳಬಲ್ಲವರಾಗಿರಬೇಕು.