ಅವ್ವನ ಅಡಿಗೆಮನೆಗೆ ನಾನೇ ಆರ್ಟ್ ಡೈರೆಕ್ಟರ್!

ಗೆಳೆಯರೇ, ಸಿನಿಮಾದಲ್ಲಿ ಹೀರೋಯಿನ್ ಮನೆಯ ಅಡಿಗೆಮನೆ ನೋಡಿದ್ದೀರಲ್ಲ? ಕನ್ನಡಿಯಂಥ ಕಟ್ಟೆ, ಸಾಲಾಗಿ ತೂಗುಬಿಟ್ಟ ದೀಪಗಳು, ಬಣ್ಣ ಬಣ್ಣದ ಕಪಾಟು... ಅಲ್ಲಿ ಸಾಸಿವೆ ಸಿಡಿದರೂ ಗೋಡೆಗೆ ಕಲೆ ಹತ್ತುವುದಿಲ್ಲ! ಈರುಳ್ಳಿ ಹೆಚ್ಚುವ ಅಮ್ಮನ ಕಣ್ಣಲ್ಲಿ ನೀರು ಬರುವುದು ಸೆಂಟಿಮೆಂಟ್ ಸೀನಿಗೆ ಮಾತ್ರ!

ನನಗೂ ಅಂಥದ್ದೇ ಒಂದು ಅಡಿಗೆಮನೆ ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ಹಳೇ ಹುಬ್ಬಳ್ಳಿಯ ಹಂಚಿನ ಮನೆ ನಮ್ಮದು. ಅಡಿಗೆಮನೆ ಉದ್ದ ಹತ್ತಡಿ, ಅಗಲ ಏಳಡಿ. ನಮ್ಮೂರ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು 1507 ಮೀಟರ್. 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಊರೆಲ್ಲ ಪೇಢೆ ಹಂಚಿದ ಹಾಗೆ ಕುಣಿದೆವು. ಅದೇ ಊರಲ್ಲಿ ನಮ್ಮ ಅವ್ವ ಹತ್ತಡಿಯ ಕತ್ತಲೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದಿದ್ದಾಳೆ!

ಕೈಯಲ್ಲಿ ಬೋನಸ್ ಹಣ 40,000 ರೂಪಾಯಿ. ತಲೆಯಲ್ಲಿ ಪರದೆಯ ಮೇಲೆ ಕಂಡ ಅಡಿಗೆಮನೆ. ಸನ್‌ಮೈಕಾ ಯಾವ ಬಣ್ಣ, ದೀಪ ಯಾವ ಮಾದರಿ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ. ಸಿಂಕಿನ ಕೆಳಗಿನ ಪೈಪು ಸೋರುತ್ತಿತ್ತು, ಅದು ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ.

ಫ್ಲ್ಯಾಶ್‌ಬ್ಯಾಕ್

"ತಮ್ಮಾ, ಆ ಪೈಪ್ ಸೋರಾಕತ್ತೇತಿ, ನೋಡೋ" ಎಂದು ಅವ್ವ ಹೇಳಿದ್ದು ದೀಪಾವಳಿಗೆ. "ನಾಳೆ ಮಾಡಿಸ್ತೀನಿ ಬಿಡವ್ವಾ" ಅಂದೆ ನಾನು. ಸಂಕ್ರಾಂತಿ ಬಂತು, ಹೋಯಿತು. ಅವ್ವ ಸಿಂಕಿನ ಕೆಳಗೆ ಒಂದು ಬಕೆಟ್ ಇಟ್ಟಳು, ಹಳೇ ಗೋಣಿಚೀಲ ಹಾಸಿದಳು. ನಾನು ಮಾತ್ರ ಹೊಸ ಪಿಕ್ಚರ್ ಬಂದರೆ ಮೊದಲನೇ ದಿನ, ಮೊದಲನೇ ಆಟ ತಪ್ಪಿಸಲಿಲ್ಲ. ಅದಕ್ಕೆ ಯಾವಾಗಲೂ ಟೈಮು ಇರುತ್ತಿತ್ತು!

ಶಿವರಾತ್ರಿ ಮುಗಿದ ವಾರ ಒಂದು ಬೆಳಿಗ್ಗೆ ಗೋಣಿಚೀಲ ಜಾರಿತು. ಅವ್ವನೂ ಜಾರಿದಳು. ಬಲ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್.

ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವ್ವ ಒಂದು ಮಾತೂ ಬಯ್ಯಲಿಲ್ಲ. "ಮಧ್ಯಾಹ್ನ ನಿಮ್ಮಪ್ಪಗ ಏನ್ ಮಾಡ್ತೀ ಊಟಕ್ಕ?" ಅಂತ ಕೇಳಿದಳು. ಬಯ್ದಿದ್ದರೆ ಚೆನ್ನಾಗಿತ್ತು.

2021ರಲ್ಲಿ ಬಂದ ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ 'ದಿ ಗ್ರೇಟ್ ಇಂಡಿಯನ್ ಕಿಚನ್' ನೋಡಿದವರಿಗೆ ನೆನಪಿರಬಹುದು. ನಿಮಿಷಾ ಸಜಯನ್ ಮಾಡಿದ ಸೊಸೆಯ ಪಾತ್ರ. ಸಿಂಕಿನ ಪೈಪು ಸೋರುತ್ತದೆ, ಪ್ಲಂಬರ್‌ನನ್ನು ಕರೆಸಿ ಎಂದು ಗಂಡನಿಗೆ ಎಷ್ಟು ಸಲ ಹೇಳಿದರೂ ಅವನಿಗೆ ಮರೆತೇ ಹೋಗುತ್ತದೆ. ಆ ಗಂಡನ ಪಾತ್ರ ಮಾಡಿದ ಸುರಾಜ್ ವೆಂಜಾರಮೂಡು ಅವರನ್ನು ನಾನು ಗೆಳೆಯರ ಮುಂದೆ ಬಾಯಿಗೆ ಬಂದಂತೆ ಬಯ್ದಿದ್ದೆ, ಎಂಥಾ ಮನುಷ್ಯಾನಪಾ ಇವ ಅಂತ! ಅವ ನಮ್ಮ ಮನೆಯಲ್ಲೇ ಇದ್ದ. ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಿದ್ದ.

ಆರು ವಾರದ ಶೂಟಿಂಗ್

ಆ ಆರು ವಾರ ಅಡಿಗೆಮನೆಯಲ್ಲಿ ನಾನೇ ಹೀರೋ, ನಾನೇ ವಿಲನ್, ನಾನೇ ಕಾಮೆಡಿಯನ್. ಬಡಿದ ಮೊದಲ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ಹೋಳು! ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಬಿಸಿನೀರು ಹಾಕಿ ನಾದಬೇಕು, ಬಡಿಯುವಾಗ ಭುಜದ ಭಾರ ಅಂಗೈಗೆ ಬರಬೇಕು. ಕಟ್ಟೆ ಎತ್ತರವಿದ್ದರೆ ಆ ಭಾರ ಬರುವುದೇ ಇಲ್ಲ. ನಮ್ಮ ಹಳೇ ಕಟ್ಟೆ 35 ಇಂಚು. ಅವ್ವನ ಎತ್ತರ ನಾಲ್ಕಡಿ ಹತ್ತು ಇಂಚು. ಆಕೆ ಮೂವತ್ತು ವರ್ಷ ಹೆಬ್ಬೆರಳ ಮೇಲೆ ನಿಂತು ರೊಟ್ಟಿ ಬಡಿದಿದ್ದು ನನಗೆ ಗೊತ್ತಾಗಿದ್ದು ಆಗ.

ಇನ್ನೊಂದು ಸಂಗತಿ ಬೆಳಕು. ದೀಪ ಇದ್ದದ್ದು ಕೋಣೆಯ ನಡುವೆ, ಬೆನ್ನ ಹಿಂದೆ. ಹೆಚ್ಚಲು ನಿಂತರೆ ನನ್ನ ನೆರಳೇ ಚಾಕುವಿನ ಮೇಲೆ ಬೀಳುತ್ತಿತ್ತು. ಕ್ಯಾಮೆರಾಮನ್ ಆದವನು ಹೀರೋ ಮುಖಕ್ಕೆ ಬೆಳಕು ಇಡದೆ ಬೆನ್ನಿಗೆ ಮಾತ್ರ ಇಟ್ಟರೆ ಏನಾಗುತ್ತದೆ? ಹೀರೋ ಕರೀ ಬೊಂಬೆ ಆಗುತ್ತಾನೆ. ಅವ್ವ ಆಗಿದ್ದೂ ಅದೇ.

ಮೂರನೆಯದು ನಡಿಗೆ. ಒಲೆ ಒಂದು ಮೂಲೆ, ನೀರಿನ ಕೊಡ ಇನ್ನೊಂದು ಮೂಲೆ, ಡಬ್ಬಿಗಳು ಹೊರಗೆ ಪಡಸಾಲೆಯ ಕಪಾಟಿನಲ್ಲಿ. ಒಂದು ಸಾರು ಮಾಡುವಷ್ಟರಲ್ಲಿ ದುರ್ಗದಬೈಲಿಗೆ ಹೋಗಿ ಬಂದಷ್ಟು ಆಯಾಸ!

ಇದೆಲ್ಲ ನೋಡುತ್ತ ಕೂತಿದ್ದ ಅಪ್ಪ ಒಂದು ದಿನ ಅಂದ: "ಡೈನಿಂಗ್ ಕಾರ್ ಒಳಗ ನೋಡಿಯೇನು? ನಿಂತಲ್ಲೇ ಎಲ್ಲಾ ಕೈಗೆ ಸಿಗತೈತಿ. ಅಲ್ಲಿ ನೂರು ಮಂದಿಗೆ ಅಡಿಗಿ ಆಗತೈತಿ, ನಿಮ್ಮವ್ವಗ ನಾಕ್ ಮಂದಿಗೆ ಆಗಂಗಿಲ್ಲೇನು?" ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದ ಮನುಷ್ಯ. ಆ ಮಾತು ನನ್ನ ತಲೆಯೊಳಗೆ ಕೂತಿತು.

ರೈಲಿನಿಂದ ಇಳಿದು ಬಂದ ಅಡಿಗೆಮನೆ

ನಂಬುತ್ತೀರೋ ಇಲ್ಲವೋ, ಇವತ್ತು ಜಗತ್ತು ಮಾಡರ್ನ್ ಕಿಚನ್ ಎಂದು ಕರೆಯುವುದು ಹುಟ್ಟಿದ್ದೂ ಇದೇ ಆಲೋಚನೆಯಿಂದ! ವಿಯೆನ್ನಾದ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳಾ ಆರ್ಕಿಟೆಕ್ಟ್ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಕೂಲಿಕಾರರ ಮನೆಗಳಿಗೆ ಒಂದು ಅಡಿಗೆಮನೆಯ ನಕ್ಷೆ ಮಾಡಿದರು. ರೈಲಿನ ಡೈನಿಂಗ್ ಕಾರಿನ ಅಡಿಗೆಕೋಣೆಯನ್ನು ನೋಡಿಯೇ ಮಾಡಿದ್ದು. ಅಗಲ ಸುಮಾರು ಆರಡಿ, ಉದ್ದ ಸುಮಾರು ಹನ್ನೊಂದಡಿ. ಅಂದರೆ ಹೆಚ್ಚೂಕಮ್ಮಿ ನಮ್ಮ ಹಳೇ ಹುಬ್ಬಳ್ಳಿಯ ಅಡಿಗೆಮನೆಯಷ್ಟೇ! ಕೂತು ಹೆಚ್ಚಲು ಒಂದು ಸ್ಟೂಲು, ಬೇಕಾದ ಕಡೆ ಸರಿಸಬಹುದಾದ ದೀಪ, ಬೇಳೆ-ಹಿಟ್ಟಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು. ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ನೀಲಿ ಬಣ್ಣ. ಅಂಥ ಸುಮಾರು ಹತ್ತು ಸಾವಿರ ಅಡಿಗೆಮನೆಗಳನ್ನು ಆಗ ಕಟ್ಟಿದರು. ಆ ಮಹಾತಾಯಿ 2000ನೇ ಇಸವಿಯ ಜನವರಿಯಲ್ಲಿ ತೀರಿಕೊಂಡಾಗ 103 ತುಂಬಲು ಐದೇ ದಿನ ಬಾಕಿ ಇತ್ತು.

ಏಳಡಿ ಅಗಲದಲ್ಲಿ ಏನಾದೀತು ಎಂದು ಕೊರಗುತ್ತಿದ್ದ ನನಗೆ ಧೈರ್ಯ ಬಂತು. ನನ್ನ ಸಿನಿಮಾ ನಕ್ಷೆಯನ್ನು ಹರಿದು ಹಾಕಿದೆ. ಪ್ಲಾಸ್ಟರ್ ಕೈಯ ಅವ್ವನನ್ನು ಕುರ್ಚಿ ಹಾಕಿ ಕೂರಿಸಿ, "ಇನ್ ಮ್ಯಾಲೆ ನೀನ ಡೈರೆಕ್ಟರ್, ನಾ ಆರ್ಟ್ ಡೈರೆಕ್ಟರ್. ಹೇಳವ್ವಾ, ಏನ್ ಬೇಕು ನಿನಗ?" ಅಂದೆ.

"ಮದ್ಲ ಆ ಪೈಪ್ ಮಾಡಸು" ಅಂದಳು ಅವ್ವ!

ಸ್ಟಾರ್ಟ್... ಆ್ಯಕ್ಷನ್!

ಮೊದಲ ಶಾಟ್ ಪೈಪಿನದೇ. ಹಳೇ ಮಡಚುವ ಪೈಪು ತೆಗೆಸಿ ಗಟ್ಟಿ ಪೈಪು, ನೀರು ನಿಲ್ಲುವ ಬಾಗು ಇರುವ ಟ್ರ್ಯಾಪು ಹಾಕಿಸಿದೆ. ಆ ಬಾಗಿನಲ್ಲಿ ನಿಂತ ನೀರೇ ಗಟಾರದ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ನಿಮ್ಮ ಹತ್ತಿರ ಇರುವುದು ಎರಡೇ ಸಾವಿರವಾದರೆ, ಮಿತ್ರರೇ, ಇದೊಂದೇ ಮಾಡಿಸಿ. ಬಣ್ಣ ಆಮೇಲೆ.

ಎರಡನೆಯದು ಕಟ್ಟೆ. ಮೊಣಕೈ ಮಡಚಿ ನಿಂತರೆ ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ಕಟ್ಟೆ ಬರಬೇಕು. ಅವ್ವನ ಲೆಕ್ಕಕ್ಕೆ 32 ಇಂಚು. ಹೆಚ್ಚುವ, ತೊಳೆಯುವ ಕಡೆ ಅಷ್ಟು. ಒಲೆ ಮತ್ತು ರೊಟ್ಟಿ ಬಡಿಯುವ ಕಡೆ ಇನ್ನೂ ತಗ್ಗಿಸಿ 28 ಇಂಚು. ಗೌಂಡಿ ಕಾಕಾ ತಲೆ ಕೆರೆದುಕೊಂಡರು. "ಎರಡು ಮಟ್ಟ ಯಾರೂ ಮಾಡಂಗಿಲ್ರೀ ಅಣ್ಣಾರ, ನೋಡಾಕ ಚಂದ ಕಾಣಂಗಿಲ್ಲ" ಅಂದರು. ಅವ್ವ ಕೂತಲ್ಲಿಂದಲೇ, "ನೋಡಾವ್ರು ರೊಟ್ಟಿ ಬಡಿತಾರೇನ್ರೀ?" ಅಂದಳು. ಗೌಂಡಿ ಕಾಕಾ ಮರುಮಾತಿಲ್ಲದೆ ಇಟ್ಟಿಗೆ ಎತ್ತಿಕೊಂಡರು.

ಕಟ್ಟೆಯ ಮೇಲೆ ಕಲ್ಲು ಯಾವುದು? ಕಲಬುರಗಿ ಜಿಲ್ಲೆಯ ಶಹಾಬಾದ್ ಫರ್ಸಿ ಅಗ್ಗ. ಆದರೆ ಅದು ಸುಣ್ಣದ ಜಾತಿಯ ಕಲ್ಲು. ಹುಣಸೆಹುಳಿ, ನಿಂಬೆಹುಳಿ ಬಿದ್ದರೆ ಮೈ ತಿಂದುಬಿಡುತ್ತದೆ. ಆದ್ದರಿಂದ ಮೇಲೆ ಗ್ರಾನೈಟು, ಕೆಳಗಿನ ಹಲಗೆಗಳಿಗೆ ಶಹಾಬಾದ್. ಗ್ರಾನೈಟಿಗೂ ಪೂರ್ತಿ ಹಲಗೆ ಕೊಳ್ಳಲಿಲ್ಲ. ಅಂಗಡಿಯ ಹಿಂದೆ ದೊಡ್ಡ ಮನೆಗಳಿಗೆ ಕತ್ತರಿಸಿ ಉಳಿದ ತುಂಡುಗಳು ಬಿದ್ದಿರುತ್ತವೆ. ಎರಡು ಮಟ್ಟದ ಕಟ್ಟೆಗೆ ಎರಡು ತುಂಡು ಸಾಕಲ್ಲ! ಒಂದು ಕರೀದು, ಒಂದು ಇಳಕಲ್ಲಿನ ಕೆಂಪು.

ಕೆಳಗಿನ ಭಾಗಕ್ಕೆ ಬಾಗಿಲು ಹಾಕಿಸಲೇ ಇಲ್ಲ. ಒಂದು, ಖರ್ಚು ಉಳಿಯಿತು. ಎರಡು, ಸಿಂಕಿನ ಹತ್ತಿರ ಸಾದಾ ಪ್ಲೈವುಡ್ ಹಾಕಿದರೆ ನೀರು ಕುಡಿದು ಉಬ್ಬುತ್ತದೆ. ಹಾಕಲೇಬೇಕೆಂದರೆ ಐಎಸ್ 710 ಗುರುತಿನ ಮರೈನ್ ಪ್ಲೈ ಬೇಕು, ಅದು ದುಬಾರಿ. ಮೂರು, ಗ್ಯಾಸು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಮುಚ್ಚಿದ ಕಪಾಟಿನಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರು ನೆಟ್ಟಗೆ, ಗಾಳಿಯಾಡುವ ಕಡೆ, ಒಲೆಗಿಂತ ಕೆಳಗೇ ಇರಬೇಕು. ಚಂದ ಕಾಣಲೆಂದು ಅದನ್ನು ಪೆಟ್ಟಿಗೆಯೊಳಗೆ ಬಚ್ಚಿಡಬೇಡಿ.

ಲೈಟ್ಸ್!

ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯ ಪುಣ್ಯ, ಇವತ್ತಿಗೂ ನಮ್ಮ ಮನೆಯ ಮೇಲೆ ಅದೇ ಮಾದರಿಯ ಹಂಚು. ಅದರಲ್ಲಿ ಮೂರು ತೆಗೆದು ಗಾಜಿನ ಹಂಚು ಕೂರಿಸಿದೆವು. ಮಾಳಿಗೆ ಮನೆಯಾದರೆ ಹಿರಿಯರು ಬೆಳಕಿಂಡಿ ಬಿಡುತ್ತಿದ್ದರು, ಮುಚ್ಚಿದ್ದರೆ ತೆಗೆಸಿ. ಹಗಲು ದೀಪವೇ ಬೇಡ. ರಾತ್ರಿಗೆ ಕಟ್ಟೆಯ ಮುಂದಿನ ಗೋಡೆಯಲ್ಲಿ, ಮೇಲಿನ ಹಲಗೆಯ ಕೆಳಗೆ ಒಂದು ಉದ್ದ ಎಲ್‌ಇಡಿ ಪಟ್ಟಿ. ಈಗ ನೆರಳು ಬೆನ್ನ ಹಿಂದೆ ಬೀಳುತ್ತದೆ. ಒಲೆಯ ಮೇಲೆ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನು.

ಇನ್ನು ಸ್ಟೈಲು! ಉಳಿದ ಲಾಟಿನ ಬಿಳಿ ಟೈಲ್ಸು ಕಮ್ಮಿ ಬೆಲೆಗೆ ಸಿಕ್ಕವು. ಮೇಲೆ ಒಂದೇ ಒಂದು ಸಾಲು ಕೆಂಪು ಕಂದು ಟೈಲ್ಸು, ಇಳಕಲ್ ಸೀರೆಯ ದಡಿಯ ಹಾಗೆ. ಅದರ ಮೇಲೆ ತಿಳಿನೀಲಿ ಬಣ್ಣ, ನಾವೇ ಬಳಿದದ್ದು. ಕೆಡವಿದ ಮನೆಯ ಹಳೇ ತೇಗದ ಬಾಗಿಲು ಒಂದು ಕೊಂಡು, ಬಡಿಗೇರ ಕಾಕಾನ ಕೈಯಲ್ಲಿ ಎರಡು ಉದ್ದ ಹಲಗೆ ಮಾಡಿಸಿದೆ. ಅವ್ವನ ಮದುವೆಯ ಹಿತ್ತಾಳೆ ಪಾತ್ರೆಗಳು ಅಟ್ಟದಿಂದ ಇಳಿದು ಅದರ ಮೇಲೆ ಕೂತವು. ಹುಣಸೆಹಣ್ಣು ಹಚ್ಚಿ ಉಜ್ಜಿದವನು ಈ ಬಡಪಾಯಿ!

ನಳ ಬಂದ ದಿನ ಹಿಡಿದಿಟ್ಟ ನೀರೇ ಗತಿಯಾದ ಓಣಿ ನಮ್ಮದು. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂತು. ನಮ್ಮ ಓಣಿ ಆ ಲಿಸ್ಟಿನಲ್ಲಿರಲಿಲ್ಲ. ಅದಕ್ಕೆ ಸಿಂಕಿನ ಪಕ್ಕದಲ್ಲೇ ಕೊಡಗಳಿಗೆ ಮೊಳಕಾಲೆತ್ತರದ ಕಲ್ಲಿನ ಕಟ್ಟೆ. ಅವ್ವ ಬಗ್ಗುವುದು ತಪ್ಪಿತು.

ಪ್ರೊಡ್ಯೂಸರ್ ಲೆಕ್ಕ

ಗೌಂಡಿ ಕೂಲಿ, ಇಟ್ಟಿಗೆ, ಸಿಮೆಂಟು 11,500. ಕಲ್ಲು 6,800. ಸಿಂಕು, ನಳ, ಪೈಪು, ಪ್ಲಂಬರ್ 5,700. ಟೈಲ್ಸು 4,200. ಕರೆಂಟು, ದೀಪ, ಫ್ಯಾನು 4,600. ಬಾಗಿಲು, ಬಡಿಗೇರ 3,900. ಬಣ್ಣ 1,900. ಗಾಜಿನ ಹಂಚು 600. ಒಟ್ಟು 39,200 ರೂಪಾಯಿ. ಹಳೇದು ಒಡೆಯುವ, ಮಣ್ಣು ಹೊರುವ, ಬಣ್ಣ ಬಳಿಯುವ ಕೆಲಸಕ್ಕೆ ನಾನು ಮತ್ತು ಮೂವರು ಗೆಳೆಯರು. ಸಂಬಳ: ಗಿರಮಿಟ್ಟು, ಮಿರ್ಚಿ, ಚಹಾ!

ಕ್ಲೈಮ್ಯಾಕ್ಸ್

ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನಕ್ಕೆ ಅವ್ವ ಹೊಸ ಕಟ್ಟೆಯ ಮುಂದೆ ನಿಂತಳು. ಎರಡೂ ಪಾದ ನೆಲದ ಮೇಲೆ ಊರಿದ್ದವು. ಅದನ್ನೇ ನೋಡುತ್ತಿದ್ದೆ ನಾನು. ಎರಡು ರೊಟ್ಟಿ ಬಡಿದಳು, ಮೂರನೆಯದಕ್ಕೆ ಮಣಿಕಟ್ಟು ಹಿಡಿದುಕೊಂಡಳು. ಎಲುಬು ಕೂಡಿದೆ, ಆದರೆ ಮೊದಲಿನ ಬಲ ಇನ್ನೂ ಬಂದಿಲ್ಲ. ಉಳಿದ ರೊಟ್ಟಿ ನಾನು ಬಡಿದೆ. ಈಗಲೂ ಬೆಳಗಿನ ರೊಟ್ಟಿ ನನ್ನದೇ. ಗೆಳೆಯರು ನಗುತ್ತಾರೆ, ನಗಲಿ. ತಿನ್ನಲು ಮಾತ್ರ ತಪ್ಪದೆ ಬರುತ್ತಾರೆ!

ಸೆಟ್ಟು ಹಾಕುವುದು ಕ್ಯಾಮೆರಾ ಕಣ್ಣಿಗೆ. ಶೂಟಿಂಗ್ ಮುಗಿದರೆ ಬಿಚ್ಚಿ ಲಾರಿಗೆ ತುಂಬುತ್ತಾರೆ. ಅಡಿಗೆಮನೆ ಮಾಡಬೇಕಾದ್ದು ಅಲ್ಲಿ ದಿನಾ ನಿಲ್ಲುವವರ ಮೊಣಕೈಗೆ, ಕಣ್ಣಿಗೆ, ಕಾಲಿಗೆ. ಟೇಪು ಹಿಡಿಯುವ ಮೊದಲು ಒಂದು ವಾರ ನೀವೇ ಅಲ್ಲಿ ನಿಂತು ಅಡಿಗೆ ಮಾಡಿ. ಏನು ಒಡೆಯಬೇಕು, ಏನು ಉಳಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಉಳಿದ 800 ರೂಪಾಯಿಯಲ್ಲಿ ಅವ್ವ, ಅಪ್ಪ ಇಬ್ಬರನ್ನೂ ಪಿಕ್ಚರಿಗೆ ಕರೆದುಕೊಂಡು ಹೋದೆ. ಪರದೆಯ ಮೇಲೆ ಒಂದು ಭಾರೀ ಅಡಿಗೆಮನೆ ಬಂತು. ಅವ್ವ ನನ್ನ ಕಿವಿಯಲ್ಲಿ, "ಕಟ್ಟಿ ಭಾಳ ಎತ್ತರ ಐತಿ, ಪಾಪ" ಅಂದಳು.

ಹ್ಞಾಂ, ಬಸ್ ಸ್ಟ್ಯಾಂಡಿನಲ್ಲಿ ಈ ಪುಟ ಓದುತ್ತ ಕೂತಿರುವ ಗೆಳೆಯಾ! ನಿನ್ನ ಬಸ್ಸು ಬರುವುದರೊಳಗೆ ಮನೆಗೊಂದು ಫೋನು ಮಾಡು. ಸಿಂಕಿನ ಪೈಪು ಸೋರುತ್ತಿದೆಯಾ, ಕೇಳು. ಸೋರುತ್ತಿದ್ದರೆ ಇವತ್ತೇ ಮಾಡಿಸು. ನಾಳೆ ಅನ್ನಬೇಡ.