ಒಂದು ಕಾಲು ಹೊರಗೆ: ಸ್ಟರ್ನ್‌ಡ್ರೈವ್ ರಿಪೇರಿಯ ಕಸುಬು

ಮಲ್ಪೆ ಬಂದರಿನ ಟ್ರಾಲ್‌ಬೋಟಿಗೆ ಎಂಜಿನ್ ಒಡಲೊಳಗೆ. ನಾಡದೋಣಿಗೆ ಹಿಂಬದಿಯಲ್ಲಿ ಸಿಕ್ಕಿಸಿದ ಔಟ್‌ಬೋರ್ಡ್. ಈ ಎರಡರ ಗುಣವನ್ನೂ ಕೂಡಿಸಿಕೊಂಡ ಇನ್ನೊಂದು ಬಗೆ ಅಮೆರಿಕ, ಯುರೋಪುಗಳ ವಿಹಾರದೋಣಿಗಳಲ್ಲಿ ಬಳಕೆಯಲ್ಲಿದೆ. ಅದೇ ಸ್ಟರ್ನ್‌ಡ್ರೈವ್. ಎಂಜಿನ್ ದೋಣಿಯ ಒಳಗೇ, ಹಿಂಬದಿಯ ಹಲಗೆಗೆ ತಾಗಿಕೊಂಡಿರುತ್ತದೆ. ಗೇರು, ಪ್ರೊಪೆಲ್ಲರ್ ಹೊತ್ತ ‘ಕಾಲು’ ಮಾತ್ರ ಹೊರಗೆ, ನೀರಿನಲ್ಲಿ. ಆ ಕಾಲೇ ಎಡಬಲಕ್ಕೆ ಹೊರಳಿ ದೋಣಿಯನ್ನು ತಿರುಗಿಸುವುದರಿಂದ ಬೇರೆ ಚುಕ್ಕಾಣಿ ಬೇಕಿಲ್ಲ. ನೀರಿನ ಆಳ ಕಡಿಮೆಯಿದ್ದರೆ ಅದನ್ನು ಮೇಲೆತ್ತಲೂಬಹುದು.

ಅಮೆರಿಕದ ಎಂಜಿನಿಯರ್ ಜಿಮ್ ವಿನ್ ಅವರ ಆಲೋಚನೆಯನ್ನು ಸ್ವೀಡನ್ನಿನ ವೋಲ್ವೊ ಪೆಂಟಾ ಕೈಗೆತ್ತಿಕೊಂಡು, 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ‘ಅಕ್ವಾಮ್ಯಾಟಿಕ್’ ಹೆಸರಿನಲ್ಲಿ ಜಗತ್ತಿನ ಮುಂದಿಟ್ಟಿತು. 1961ರಲ್ಲಿ ಪೈಪೋಟಿಗೆ ಮರ್ಕ್ರೂಸರ್ ಬಂತು.

ಹೊರಳುವ, ಏಳುವ ಈ ಅನುಕೂಲವೇ ರಿಪೇರಿಯವರಿಗೆ ತಪ್ಪದ ಕೆಲಸವನ್ನೂ ಕೊಟ್ಟಿದೆ. ಎಂಜಿನ್ನಿನ ಶಕ್ತಿ ಹಿಂಬದಿಯ ಹಲಗೆಯ ತೂತಿನ ಮೂಲಕ ಯೂನಿವರ್ಸಲ್ ಜಾಯಿಂಟ್ ಹಾದು ಕಾಲಿಗೆ ಇಳಿಯುತ್ತದೆ. ಆ ತೂತಿಗೆ ನೀರು ನುಗ್ಗದಂತೆ ತಡೆದಿರುವುದು ಬೆಲ್ಲೋಸ್ ಎಂಬ ನೆರಿಗೆಯ ರಬ್ಬರ್ ತೋಳು. ಅದು ಹರಿದರೆ ಮೊದಲು ಒಳಗಿನ ಗಿಂಬಲ್ ಬೇರಿಂಗ್ ತುಕ್ಕು ಹಿಡಿಯುತ್ತದೆ, ಆಮೇಲೆ ಜಾಯಿಂಟ್ ಹಾಳಾಗುತ್ತದೆ. ಯಾರೂ ಗಮನಿಸದಿದ್ದರೆ ಕಟ್ಟಿಹಾಕಿದ ದೋಣಿ ನಿಂತಲ್ಲೇ ಮುಳುಗಲೂಬಹುದು. ಅದಕ್ಕೇ ಬಲ್ಲವರು ಕಾಲನ್ನು ಪೂರ್ತಿ ಎತ್ತಿ, ಎರಡೂ ಕಡೆ ಹೊರಳಿಸಿ, ಬಿಚ್ಚಿಕೊಂಡ ನೆರಿಗೆಯ ಸಂದುಗಳಿಗೆ ಟಾರ್ಚ್ ಹಿಡಿದು ಬಿರುಕು ಹುಡುಕುತ್ತಾರೆ.

ಎರಡನೆಯ ಸಾಕ್ಷಿ ಗೇರ್ ಆಯಿಲ್. ಕೆಳಗಿನ ತಿರುಪು ಬಿಚ್ಚಿದಾಗ ಎಣ್ಣೆ ಹಾಲು ಬೆರೆತ ಕಾಫಿಯಂತೆ ಬಂದರೆ ಒಳಗೆ ನೀರು ಸೇರಿದೆ ಎಂದರ್ಥ. ಅಯಸ್ಕಾಂತದ ತಿರುಪಿಗೆ ನುಣ್ಣನೆಯ ಪುಡಿ ಅಂಟಿದ್ದರೆ ಸಾಮಾನ್ಯ ಸವೆತ. ಲೋಹದ ಚೂರೇ ಸಿಕ್ಕರೆ ಗೇರು ಬಿಚ್ಚಲೇಬೇಕು. ನೀರು ಹೊಕ್ಕ ದಾರಿಯನ್ನು ಹುಡುಕಲು ಗೇರು ಕೋಣೆಗೆ ಗಾಳಿ ತುಂಬಿ, ಮೀಟರಿನ ಮುಳ್ಳು ಇಳಿಯುವುದೇ ಎಂದು ನೋಡುತ್ತಾರೆ. ಎಷ್ಟೋ ಸಲ ಕಾರಣ ಪ್ರೊಪೆಲ್ಲರಿನ ಹಿಂದೆಯೇ ಇರುತ್ತದೆ: ದಂಡಕ್ಕೆ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕತ್ತರಿಸಿರುತ್ತದೆ. ಹೊಸ ಎಣ್ಣೆಯನ್ನು ಕೆಳಗಿನಿಂದಲೇ ಪಂಪ್ ಮಾಡಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಕಾಲಿನ ಮೈ ಅಲ್ಯೂಮಿನಿಯಂ. ಉಪ್ಪುನೀರು ಅದನ್ನು ತಿನ್ನದಿರಲೆಂದು ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಬಿಲ್ಲೆಗಳನ್ನು ಕೂರಿಸುತ್ತಾರೆ, ಸಿಹಿನೀರಿಗೆ ಮೆಗ್ನೀಸಿಯಂ. ಕಾಲಿನ ಬದಲು ಅವು ಸವೆಯುತ್ತವೆ. ಚೆಂದ ಕಾಣಲೆಂದು ಬಿಲ್ಲೆಗೂ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ.

ಕಾಲನ್ನು ಕಳಚುವುದು ಕಷ್ಟವಲ್ಲ. ಮರ್ಕ್ರೂಸರಿನಲ್ಲಿ ಅದನ್ನು ಹಿಡಿದಿರುವುದು 6 ನಟ್. ಕೈಚಳಕ ಬೇಕಿರುವುದು ಮರಳಿ ಜೋಡಿಸುವಾಗ. ಮೊದಲು ಉದ್ದನೆಯ ಅಳತೆ ಸಲಾಕೆಯೊಂದನ್ನು ಬೇರಿಂಗ್ ಮೂಲಕ ಎಂಜಿನ್ನಿನ ಕಪ್ಲರಿಗೆ ತೂರಿಸುತ್ತಾರೆ. ತುದಿಗೆ ಸವರಿದ ಗ್ರೀಸಿನ ಮೇಲೆ ಹಲ್ಲುಗಳ ಗುರುತು ಸುತ್ತಲೂ ಸಮನಾಗಿ ಮೂಡಬೇಕು. ಒಂದೇ ಬದಿಗೆ ಒತ್ತಿದ್ದರೆ ಎಂಜಿನ್ನಿನ ಆಸರೆಯನ್ನು ತುಸು ಎತ್ತಿ ಇಳಿಸಿ ಮತ್ತೆ ನೋಡುತ್ತಾರೆ. ಈ ಹಂತವನ್ನು ಹಾರಿಸಿದವರ ದೋಣಿಯೂ ಅಂದು ಓಡುತ್ತದೆ, ಆದರೆ ಕಪ್ಲರಿನ ಹಲ್ಲು ಬೇಗ ಸವೆಯುತ್ತದೆ. ಒಳ್ಳೆಯ ಮೆಕ್ಯಾನಿಕ್ಕಿಗೆ ಕೊಡುವ ಕೂಲಿಯಲ್ಲಿ ದೊಡ್ಡ ಪಾಲು, ಮುಂದೆ ಬರದೇ ಹೋಗುವ ಇಂಥ ರಿಪೇರಿಗಳದ್ದು.